ಸ್ಪ್ರಿಂಗಾ, ಸರಪಳಿಯಾ, ಟ್ರೆಡ್‌ಮಿಲ್ಲಾ? ನನ್ನ ಓಟು ಲಾಳಕ್ಕೆ

ಹಿಮ ಬೀಳುವ ಊರಿನಲ್ಲಿ ಚಳಿಗಾಲವಿಡೀ ಜಾರಿ ಬೀಳದೆ ಓಡುವುದು ಹೇಗೆ ಅಂತ ನಾಲ್ಕು ಉಪಾಯ ಮಾಡಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ಗೆದ್ದಿದ್ದು ಏಳು ಡಾಲರಿನ ಸ್ಕ್ರೂ ಡಬ್ಬಿ. ಆ ಸ್ಕ್ರೂಗಳನ್ನು ಶೂ ಅಡಿಗೆ ಕೂರಿಸಿದರೆ ಅದೇ ನನ್ನ ಲಾಳ. ಸೋತವುಗಳಲ್ಲಿ ಒಂದಂತೂ ನನ್ನನ್ನು ಮೂರು ವಾರ ಸೋಫಾ ಮೇಲೆ ಕೂರಿಸಿತು. ಹಾಗಾಗಿ ಎರಡೂ ಕಡೆ ಸಮಾನವಾಗಿ ತೂಗುವ ತೀರ್ಪು ಬೇಕಾದವರಿಗೆ ಇದು ಆಗಿಬರುವುದಿಲ್ಲ. ಇದರಲ್ಲಿ ಸ್ವಲ್ಪ ಸಿಟ್ಟೂ ಇದೆ.

ನಾನು ಓಡಲು ಕಲಿತಿದ್ದು ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ. ಅಲ್ಲಿ ಡಿಸೆಂಬರಿನಲ್ಲಿ 16 ಡಿಗ್ರಿಗೆ ಇಳಿದರೆ ಸ್ವೆಟರ್, ಮಫ್ಲರ್, ಕಿವಿಗೆ ಹತ್ತಿ. ಈಗ ಇರುವುದು ಷಿಕಾಗೋದಲ್ಲಿ. ಈ ಊರಿನಲ್ಲಿ 2019ರ ಜನವರಿ 30ರಂದು ಮೈನಸ್ 30 ಡಿಗ್ರಿ ಇತ್ತು. ಆಗ ನಾನಿನ್ನೂ ಇಲ್ಲಿಗೆ ಬಂದಿರಲಿಲ್ಲ, ದೇವರು ದೊಡ್ಡವನು. ನಾನು ಕಂಡ ಚಳಿಗಾಲ ಮೂರೇ. ಮೂರರಲ್ಲೂ ಗುರಿ ಒಂದೇ, ಮಾರ್ಚ್ ಕೊನೆಗೆ ಗ್ರ್ಯಾಂಟ್ ಪಾರ್ಕಿನಿಂದ ಹೊರಡುವ ಶ್ಯಾಮ್‌ರಾಕ್ ಶಫಲ್ ಓಟ. 8 ಕಿ.ಮೀ. ಅದನ್ನು 50 ನಿಮಿಷದೊಳಗೆ ಮುಗಿಸಬೇಕು, ಅಷ್ಟೇ ಆಸೆ.

ಬಟ್ಟೆ ವಿಷಯ ಬೇಗ ಮುಗಿಸಿಬಿಡೋಣ. ಮೈಗಂಟುವ ತೆಳು ಮೆರಿನೋ ಉಣ್ಣೆಯದೊಂದು, ಅದರ ಮೇಲೆ ಗಾಳಿ ತಡೆಯುವ ಜಾಕೆಟ್ ಒಂದು. ಹತ್ತಿ ಬನಿಯನ್ ಬೇಡವೇ ಬೇಡ. ಬೆವರು ಹೀರಿಕೊಂಡು ಒದ್ದೆಯಾಗಿಯೇ ಇರುತ್ತದೆ, ವಾಪಸ್ ಬರುವಾಗ ಗಾಳಿಗೆ ಮೈ ಕೊಟ್ಟರೆ ಹಲ್ಲು ಕಟಕಟ. ಬೆರಳು ಬೇರೆ ಬೇರೆ ಇರುವ ಗ್ಲೌಸಿಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಮಿಟನ್ ಮೇಲು. ಮನೆಯಿಂದ ಹೊರಬಿದ್ದ ಮೊದಲ ಹತ್ತು ನಿಮಿಷ ಚಳಿ ಆಗಲೇಬೇಕು. ಆಗಲಿಲ್ಲವಾ, ಜಾಸ್ತಿ ಹಾಕಿಕೊಂಡಿದ್ದೀರಿ. ತಲೆಗೆ ಅಮ್ಮ ಹೆಣೆದು ಕಳಿಸಿದ ಮಂಕಿ ಕ್ಯಾಪ್. ಅದಕ್ಕೆ ಎದುರಾಳಿಯೇ ಇಲ್ಲ.

ಚಳಿಗೆ ಬಟ್ಟೆ ಇದೆ, ಕಾಲಡಿಯ ಐಸಿಗೆ ಏನು ಮಾಡೋದು? ನಾನು ಓಡುವುದು ಮಿಷಿಗನ್ ಸರೋವರದ ದಂಡೆಯ ದಾರಿಯಲ್ಲಿ. ಉದ್ದ 18 ಮೈಲಿ, ಅಂದರೆ ಸುಮಾರು 29 ಕಿ.ಮೀ. ಹಿಮ ಬಿದ್ದರೆ ಅದನ್ನು ಪಕ್ಕಕ್ಕೆ ತಳ್ಳುವ ಗಾಡಿ ಬರುತ್ತದೆ, ಉಪ್ಪೂ ಬೀಳುತ್ತದೆ. ಆದರೆ ಉಪ್ಪಿನ ಆಟವೂ ಒಂದು ಮಟ್ಟದವರೆಗೆ. ಮೈನಸ್ ಹತ್ತರ ಆಸುಪಾಸಿಗೆ ಹೋದರೆ ಮಾಮೂಲಿ ಉಪ್ಪು ಐಸ್ ಕರಗಿಸುವುದನ್ನು ಹೆಚ್ಚೂ ಕಡಿಮೆ ನಿಲ್ಲಿಸಿಬಿಡುತ್ತದೆ. ಹಗಲು ಬಿಸಿಲಿಗೆ ಕರಗಿ ಹರಿದ ನೀರು ರಾತ್ರಿ ಮತ್ತೆ ಗಟ್ಟಿಯಾಗುತ್ತದೆ. ಬೆಳಿಗ್ಗೆ ಆರರ ಕತ್ತಲಲ್ಲಿ ನೋಡಿದರೆ ಸುಮ್ನೆ ಒದ್ದೆಯಾದ ಡಾಂಬರಿನ ಹಾಗೆ ಕಾಣುತ್ತದೆ. ಕಾಲಿಟ್ಟ ಮೇಲೇ ಗೊತ್ತಾಗೋದು. ಓಕ್ ಸ್ಟ್ರೀಟ್ ತಿರುವಿನಲ್ಲಿ ಇನ್ನೂ ಮಜಾ. ಗಾಳಿ ಜೋರಿದ್ದ ದಿನ ಅಲೆ ದಾರಿ ಮೇಲೆ ಹಾರಿ ಬಂದು ಅಲ್ಲೇ ಹೆಪ್ಪುಗಟ್ಟುತ್ತದೆ.

ವಿಚಿತ್ರ ಅಂದರೆ, ತುಂಬಾ ಚಳಿ ಇರುವ ದಿನ ಜಾರಿಕೆ ಕಡಿಮೆ. ಮೈನಸ್ 15ರಲ್ಲಿ ಒಣ ಹಿಮ ರವೆ ತುಳಿದ ಹಾಗೆ ಕರಕರ ಅನ್ನುತ್ತದೆ, ಹಿಡಿತ ಸಿಗುತ್ತದೆ. ಸೊನ್ನೆಯ ಹತ್ತಿರ, ಐಸಿನ ಮೇಲೆ ನೀರಿನ ಪದರ ನಿಂತಿರುತ್ತದಲ್ಲ, ಅದು ಯಮ.

ಮೊದಲ ಚಳಿಗಾಲ ಹೆದರಿಕೊಂಡು ಪೂರ್ತಿ ಟ್ರೆಡ್‌ಮಿಲ್ ಮೇಲೆ ಕಳೆದೆ. ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿದೆ, ಬಾಡಿಗೆಯಲ್ಲೇ ಸೇರಿದೆ. ಇದರ ಅಜ್ಜನನ್ನು 1818ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಕ್ಯುಬಿಟ್ ಎಂಬ ಎಂಜಿನಿಯರ್ ಮಾಡಿದ್ದು ಜೈಲಿನ ಕೈದಿಗಳಿಗೆ. ನಲವತ್ತನೇ ನಿಮಿಷಕ್ಕೆ ಆ ಮಾತು ಅರ್ಥವಾಗುತ್ತದೆ. ಗಾಳಿಯ ಎದುರು ಓಡಿದ ಶ್ರಮ ಬರಲಿ ಅಂತ ಶೇಕಡಾ 1 ಏರು ಇಡಬೇಕು ಅನ್ನುತ್ತಾರೆ. ಅದು ವೇಗವಾಗಿ ಓಡುವವರಿಗೆ. ಕಿಲೋಮೀಟರಿಗೆ ಆರೂವರೆ ನಿಮಿಷ ತೆಗೆದುಕೊಳ್ಳುವ ನನ್ನಂಥವರಿಗೆ ಇಟ್ಟರೂ ಒಂದೇ, ಬಿಟ್ಟರೂ ಒಂದೇ. ಮಾರ್ಚಿನಲ್ಲಿ ಹೊರಗೆ ಬಂದಾಗ ಎರಡೇ ದಿನಕ್ಕೆ ಮೀನಖಂಡ ಕಲ್ಲಾಯಿತು. ಓಟ ಮುಗಿಸಿದ್ದು 53 ನಿಮಿಷಕ್ಕೆ.

ಎರಡನೇ ಚಳಿಗಾಲ ಹೊರಗೇ ಓಡುತ್ತೇನೆ ಅಂತ ಹಟ ಹಿಡಿದೆ. ಡಿಸೆಂಬರಿನ ಮೊದಲ ವಾರವೇ ಬಿದ್ದೆ. ಸೊಂಟದ ಪಕ್ಕ ನಿಪ್ಪಟ್ಟಿನಷ್ಟಗಲ ನೀಲಿ. ಅವತ್ತೇ ಹೋಗಿ ಶೂ ಮೇಲೆ ಹಾಕಿಕೊಳ್ಳುವ ಸ್ಪ್ರಿಂಗ್ ಜೋಡಿ ತಂದೆ, 28 ಡಾಲರು. ರಬ್ಬರಿನ ಬಲೆ, ಅಡಿಯಲ್ಲಿ ಉಕ್ಕಿನ ತಂತಿ ಸುರುಳಿ. ಯಾವ ಶೂ ಮೇಲಾದರೂ ಎಳೆದು ಕೂರಿಸಬಹುದು. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ?

ತಕರಾರು ಶುರುವಾಗಿದ್ದು ಅಳತೆಯಿಂದ. ನನ್ನ ಶೂ ನಂಬರು ಡಬ್ಬಿ ಮೇಲಿನ ಎರಡು ಸೈಜುಗಳ ಗಡಿಯಲ್ಲಿತ್ತು. ದೊಡ್ಡದು ತೆಗೆದುಕೊಂಡೆ. ಮೂರನೇ ಕಿಲೋಮೀಟರಿಗೆ ಮುಂದಿನ ರಬ್ಬರ್ ಬೆರಳ ತುದಿಯಿಂದ ಜಾರಿ ಹಿಂದೆ ಪಟಪಟ ಹೊಡೆಯತೊಡಗಿತು. ಹವಾಯಿ ಚಪ್ಪಲಿಯ ಉಂಗುಷ್ಟ ಕಿತ್ತುಹೋದವರು ಹೇಗೆ ನಡೆಯುತ್ತಾರೋ ಹಾಗೆ ಓಡಿದೆ. ಮತ್ತೆ ಕೂರಿಸಬೇಕು ಅಂದರೆ ಬಗ್ಗಬೇಕು, ಮಿಟನ್ ಬಿಚ್ಚಬೇಕು, ಬರಿಗೈಯಲ್ಲಿ ತಣ್ಣಗಿನ ತಂತಿ ಹಿಡಿಯಬೇಕು. ಒಂದೇ ಓಟದಲ್ಲಿ ನಾಲ್ಕು ಸಲ. ನಾಲ್ಕನೇ ಸಲ ಬೆರಳು ನನ್ನದೋ ಬೇರೆಯವರದೋ ತಿಳಿಯಲಿಲ್ಲ.

ಬದಲಾಯಿಸಿ ಚಿಕ್ಕದು ತಂದೆ. ಅಂಗಡಿಯೊಳಗಿನ ಬೆಚ್ಚಗೆ ಅದು ಹೋಳಿಗೆ ಕಣಕದ ಹಾಗೆ ಎಳೆದ ಕಡೆಗೆಲ್ಲ ಬಂತು. ಹೊರಗೆ ಮೈನಸ್ 12ರಲ್ಲಿ ಅದೇ ರಬ್ಬರು ಬಿಗಿಯಿತು. ಕಳಚಲಿಲ್ಲ ನಿಜ. ಆದರೆ ಪಾದದ ಮೇಲೆ, ಲೇಸ್ ಗಂಟು ಬರುತ್ತದಲ್ಲ, ಸರಿಯಾಗಿ ಅಲ್ಲೇ ಅದರ ಪಟ್ಟಿ ಕೂರುತ್ತಿತ್ತು. ಒಳಗೆ ದಪ್ಪ ಉಣ್ಣೆ ಕಾಲುಚೀಲ. ಜಾರುವ ಭಯಕ್ಕೆ ಲೇಸನ್ನೂ ಬಿಗಿಯಾಗಿ ಎಳೆದು ಕಟ್ಟಿದ್ದೆ. ಒಳಗಿಂದ ಒಂದು, ನಡುವೆ ಒಂದು, ಮೇಲಿಂದ ಒಂದು, ಹೀಗೆ ಮೂರು ಕಡೆಯಿಂದ ಒತ್ತಡ. ನನಗೆ ಗೊತ್ತೇ ಆಗಲಿಲ್ಲ, ಏಕೆಂದರೆ ಚಳಿಗೆ ಪಾದ ಮರಗಟ್ಟಿರುತ್ತಿತ್ತು.

ಹತ್ತು ದಿನ ಕಳೆದ ಮೇಲೆ ಲೇಸ್ ಕಟ್ಟುವಾಗ ಚುಳ್ ಅಂದಿತು. ಆಮೇಲೆ ಮೆಟ್ಟಿಲು ಹತ್ತುವಾಗ. ಆಮೇಲೆ ಕಾಲ್ಬೆರಳು ಮೇಲಕ್ಕೆ ಎತ್ತಿದರೂ ನೋವು. ವಾರಕ್ಕೆ 36 ಕಿ.ಮೀ. ಓಡುತ್ತಿದ್ದೆ, ಬಿಡಲು ಮನಸ್ಸು ಬರಲಿಲ್ಲ. ಇನ್ನೊಂದು ವಾರ ಹಾಗೇ ಓಡಿದೆ. ದಡ್ಡತನಕ್ಕೆ ಬೇರೆ ಹೆಸರಿಲ್ಲ. ವಿದ್ಯಾರಣ್ಯ ಕನ್ನಡ ಕೂಟದ ಸಂಕ್ರಾಂತಿಗೆ ರೇಷ್ಮೆ ಸೀರೆ ಉಟ್ಟು ಕುಂಟುತ್ತಾ ಹೋದೆ. ಎಳ್ಳುಬೆಲ್ಲ ಕೊಟ್ಟವರೆಲ್ಲ ಒಳ್ಳೆ ಮಾತಾಡುವ ಮೊದಲು ಕಾಲಿಗೇನಾಯಿತು ಅಂತ ಕೇಳಿದರು.

ಫಿಸಿಯೋಥೆರಪಿಸ್ಟ್ ಎರಡು ನಿಮಿಷದಲ್ಲಿ ಹಿಡಿದರು. ಬೆರಳುಗಳನ್ನು ಮೇಲೆತ್ತುವ ಸ್ನಾಯುರಜ್ಜುಗಳು ಪಾದದ ಮೇಲೆ ಚರ್ಮದ ಅಡಿಯಲ್ಲೇ ಹಾದುಹೋಗುತ್ತವೆ. ಮೇಲಿಂದ ಒತ್ತಿದರೆ ಕೆರಳುತ್ತವೆ. ಮೊದಲು ಒಂದು ಬೆರಳಿನಿಂದ ಮೂಳೆ ಮೇಲೆ ಅಲ್ಲಲ್ಲಿ ಒತ್ತಿ ನೋಡಿದರು. ಒಂದೇ ಬಿಂದುವಿನಲ್ಲಿ ಮೂಳೆ ನೋಯುತ್ತಿದ್ದರೆ ಅದು ಬಿರುಕು ಇರಬಹುದು, ಆಗ ಕಥೆಯೇ ಬೇರೆ ಅಂದರು. ನನ್ನದು ಹಾಗಿರಲಿಲ್ಲ. ಮೂರು ವಾರ ಓಟ ಬಂದ್. ಲೇಸನ್ನು ನೋವಿನ ಜಾಗದ ಮೇಲೆ ಅಡ್ಡ ಹಾಯಿಸದೆ, ಆ ತೂತು ಬಿಟ್ಟು ಪಕ್ಕದಿಂದಲೇ ಮೇಲಕ್ಕೆ ಒಯ್ದು ಕಟ್ಟುವುದನ್ನು ತೋರಿಸಿಕೊಟ್ಟರು. ಈಗಲೂ ಹಾಗೇ ಕಟ್ಟುತ್ತೇನೆ. ಫೆಬ್ರವರಿಯಲ್ಲಿ ಮತ್ತೆ ಶುರು ಮಾಡಿದ್ದು ಅದೇ ಕೈದಿ ಯಂತ್ರದ ಮೇಲೆ, ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ. ಇಂಥ ಹೊತ್ತಿಗೆ ಮಾತ್ರ ಟ್ರೆಡ್‌ಮಿಲ್‌ಗೆ ನಮಸ್ಕಾರ. ಜಾರುವುದಿಲ್ಲ, ನೋವು ಬಂದರೆ ತಕ್ಷಣ ಇಳಿಯಬಹುದು, ಮನೆಯಿಂದ ಐದು ಕಿಲೋಮೀಟರ್ ದೂರ ಸಿಕ್ಕಿಹಾಕಿಕೊಳ್ಳುವ ಭಯವಿಲ್ಲ.

ಆ ಸ್ಪ್ರಿಂಗಿನ ಕೊನೆಯನ್ನೂ ಹೇಳಿಬಿಡುತ್ತೇನೆ. ನಮ್ಮ ದಾರಿಯಲ್ಲಿ ಎರಡು ಕಿಲೋಮೀಟರ್ ಒಣ ಕಾಂಕ್ರೀಟು, ಆಮೇಲೆ ನೂರು ಮೀಟರ್ ಐಸು. ಕಾಂಕ್ರೀಟಿನ ಮೇಲೆ ತಂತಿ ತೇಯುತ್ತದೆ. ಒಟ್ಟು ಐದು ವಾರ ಹಾಕಿರಬಹುದು, ತುಂಡಾಯಿತು. ಆ ವರ್ಷದ ಓಟಕ್ಕೆ 52 ನಿಮಿಷ ಬೇಕಾಯಿತು.

ಸರಪಳಿಯದು ಕೊಂಡಿದ್ದಲ್ಲ, ಹುಬ್ಬಳ್ಳಿ ಅಕ್ಕನಿಂದ ಸಾಲ ಪಡೆದದ್ದು. ಅವರು ನನ್ನ ಭಾನುವಾರದ ಜೊತೆಗಾತಿ. ಇದರಲ್ಲಿ ಶೂ ಅಡಿಗೆ ಬರುವ ಉಕ್ಕಿನ ಸರಪಳಿಗೆ ಚೂಪಾದ ಮುಳ್ಳುಗಳಿರುತ್ತವೆ. ಪೇಲೋಸ್ ಕಾಡಿನ ದಾರಿಯಲ್ಲಿ ದಪ್ಪ ಐಸಿನ ಏರು ಹತ್ತಲು ಇದರ ಮುಂದೆ ಯಾವುದೂ ಇಲ್ಲ, ನನ್ನ ಲಾಳವೂ ಇಲ್ಲ. ಊರೊಳಗೆ ಹಾಕಿಕೊಂಡರೆ ಮಾತ್ರ ಎತ್ತಿನ ಗಾಡಿ ಎಳೆದಷ್ಟು ಭಾರ. ಒಣ ನೆಲದಲ್ಲಿ ಪ್ರತಿ ಮುಳ್ಳೂ ಪಾದಕ್ಕೆ ಲೆಕ್ಕ ಕೊಡುತ್ತದೆ.

ಅಡಿಯಲ್ಲೇ ಮೊಳೆ ಕೂರಿಸಿ ಬರುವ ಚಳಿಗಾಲದ ಶೂಗಳೂ ಇವೆ. ಬೆಲೆ ನೋಡಿ ಡಬ್ಬಿ ವಾಪಸ್ ಶೆಲ್ಫಿಗೆ ಇಟ್ಟೆ.

ಇನ್ನು ಲಾಳ. ಇಲ್ಲಿನ ಹಳೇ ಓಟಗಾರರಿಗೆ ಇದು ಹೊಸದೇನಲ್ಲ. ಓಡಿ ಸವೆದ ಶೂ ತೆಗೆದುಕೊಂಡು, ಅಟ್ಟೆಗೆ ತಗಡಿಗೆ ಹಾಕುವ ಚಿಕ್ಕ ಸ್ಕ್ರೂ ಕೂರಿಸುವುದು. ಉದ್ದ ಒಂದು ಇಂಚಿನ ಎಂಟು ಭಾಗದಲ್ಲಿ ಮೂರು, ಅಂದರೆ ಒಂದು ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ. ತಲೆ ಆರು ಮೂಲೆಯದು. ಐಸನ್ನು ಕಚ್ಚುವುದು ಸ್ಕ್ರೂವಿನ ಚೂಪು ತುದಿಯಲ್ಲ, ಅದು ಅಟ್ಟೆಯೊಳಗೆ ಹೋಗಿರುತ್ತದೆ. ಹೊರಗೆ ಉಳಿದ ತಲೆಯ ಅಂಚು ಕಚ್ಚುತ್ತದೆ. ಅದಕ್ಕೇ ದುಂಡು ತಲೆಯ ಸ್ಕ್ರೂ ಪ್ರಯೋಜನವಿಲ್ಲ. ಡಬ್ಬಿಯಲ್ಲಿ ನೂರು ಇದ್ದವು.

ಅಡುಗೆಮನೆ ನೆಲದ ಮೇಲೆ ಹಳೇ ಪೇಪರ್ ಹಾಸಿ, ಪಕ್ಕದ ಮನೆಯವರ ಡ್ರಿಲ್ ತಂದು ಕೂತೆ. ವಿಡಿಯೋ ಕಾಲಿನಲ್ಲಿ ಅಮ್ಮ ನೋಡುತ್ತಿದ್ದರು. “ಏನೇ ಇದು, ಟಾಂಗಾ ಕುದುರೆಗೆ ಲಾಳ ಹೊಡೆದ ಹಾಗೆ ಹೊಡೀತಿದೀಯಲ್ಲ!” ಹೆಸರು ಹಾಗೇ ಉಳಿಯಿತು.

ಒಂದೊಂದು ಶೂಗೆ ಹದಿನಾಲ್ಕು. ಮುಂಭಾಗದ ಅಂಚಿನ ಸುತ್ತ ಒಂಬತ್ತು, ಹಿಮ್ಮಡಿ ಸುತ್ತ ಐದು. ಪಾದ ಊರುವ ನಡುಭಾಗ ಖಾಲಿ. ಮೊದಲ ಸಲ ಅತಿಬುದ್ಧಿವಂತಿಕೆ ಮಾಡಿ ಸ್ವಲ್ಪ ಉದ್ದದ ಸ್ಕ್ರೂವನ್ನು ಹೆಬ್ಬೆರಳ ಬುಡಕ್ಕೇ ಹಾಕಿದ್ದೆ. ಅಲ್ಲಿ ಸವೆದು ಅಟ್ಟೆ ತೆಳುವಾಗಿತ್ತು. ಎರಡನೇ ಕಿಲೋಮೀಟರಿಗೆ ಯಾರೋ ಕೆಳಗಿನಿಂದ ಸೂಜಿ ಚುಚ್ಚಿದಂತಾಯಿತು. ಈಗ ಕೂರಿಸಿದ ಮೇಲೆ ಒಳಗೆ ಕೈ ಹಾಕಿ ಸವರಿ ನೋಡಿಯೇ ಕಾಲಿಡುವುದು.

ಇದರ ದೊಡ್ಡ ಗುಣ, ಪಾದಕ್ಕೆ ಏನೂ ಗೊತ್ತಾಗುವುದಿಲ್ಲ. ಮೇಲೆ ಪಟ್ಟಿ ಇಲ್ಲ, ಬಿಗಿತ ಇಲ್ಲ, ಕಳಚುವ ಮಾತೇ ಇಲ್ಲ. ಒಣ ನೆಲ ಬಂದರೆ ಟಕಟಕ ಸದ್ದು, ಅಷ್ಟೇ. ನಸುಕಿನಲ್ಲಿ ನಾಯಿ ಹಿಡಿದು ಹೊರಟವರು ತಿರುಗಿ ನೋಡುತ್ತಾರೆ, ನೋಡಲಿ.

ದೋಷ ಇಲ್ಲದೇ ಇಲ್ಲ. ನಮ್ಮ ಲಾಬಿಯ ನುಣುಪು ಟೈಲ್ಸ್ ಮೇಲೆ ಈ ಶೂ ಅಂದರೆ ಎಣ್ಣೆ ಚೆಲ್ಲಿದ ಹಾಗೆ. ಹೊರಗೆ ಹತ್ತು ಕಿಲೋಮೀಟರ್ ಐಸಿನ ಮೇಲೆ ಓಡಿ ಬಂದು ಲಿಫ್ಟ್ ಮುಂದೆ ಜಾರಿದ್ದೇನೆ. ಈಗ ಬಾಗಿಲಲ್ಲೇ ಬಿಚ್ಚಿ ಕೈಯಲ್ಲಿ ಹಿಡಿದು ಒಳಗೆ ಹೋಗುತ್ತೇನೆ. ಮರದ ನೆಲಕ್ಕೆ ಗೀರು ಬಿದ್ದರೆ ಬಾಡಿಗೆ ಮನೆಯ ಡೆಪಾಸಿಟ್ ಹೋದ ಹಾಗೇ. ತಿಂಗಳಿಗೆ ಎರಡು ಮೂರು ಸ್ಕ್ರೂ ಉದುರುತ್ತವೆ, ಹೊಸದು ಹಾಕಬೇಕು. ಹಳೇ ಶೂ ಆದ್ದರಿಂದ ಮೆತ್ತೆಯೂ ಕಡಿಮೆ, ನಿಧಾನದ ಓಟಕ್ಕೆ ಮಾತ್ರ ಹಾಕುತ್ತೇನೆ. ಅಲೆ ಹಾರಿ ಹೆಪ್ಪುಗಟ್ಟಿದ ಓಕ್ ಸ್ಟ್ರೀಟ್ ಇಳಿಜಾರಿನಲ್ಲಿ ಇದೂ ಕೈ ಎತ್ತುತ್ತದೆ. ಅಲ್ಲಿಗೆ ಬಂದರೆ ಸುಮ್ಮನೆ ಹಿಂದೆ ತಿರುಗುತ್ತೇನೆ.

ಮೂರನೇ ಚಳಿಗಾಲ ಒಂದೇ ಒಂದು ವಾರ ತಪ್ಪಿತು, ಅದೂ ಜ್ವರಕ್ಕೆ. ಶ್ಯಾಮ್‌ರಾಕ್ ಶಫಲ್‌ಗೆ 48 ನಿಮಿಷ 40 ಸೆಕೆಂಡ್. ಸ್ಪ್ರಿಂಗ್, ಫಿಸಿಯೋ ಎರಡೂ ಸೇರಿ ಹೋದ ದುಡ್ಡಿನಲ್ಲಿ ಒಂದು ಹೊಸ ಶೂ ಬರುತ್ತಿತ್ತು ಅಂತ ಆಗಾಗ ನೆನಪಾಗುತ್ತದೆ. ವಾರಕ್ಕೆ ನಾಲ್ಕು ದಿನ, ಊರೊಳಗಿನ ಅರ್ಧ ಒಣ ಅರ್ಧ ಐಸಿನ ದಾರಿ, ಮನೆಯಲ್ಲಿ ಎಸೆಯದೆ ಇಟ್ಟ ಹಳೇ ಶೂ. ಇದು ನಿಮ್ಮ ಕಥೆಯೂ ಆಗಿದ್ದರೆ ಸ್ಕ್ರೂ ತನ್ನಿ. ವಾರಕ್ಕೊಮ್ಮೆ ಕಾಡಿಗೆ ಹೋಗುವವರಾದರೆ ಸರಪಳಿ. ವಾರಕ್ಕೊಮ್ಮೆಯೂ ಹೊರಗೆ ಹೋಗದವರು ನೆಲಮಾಳಿಗೆಗೆ ಇಳಿಯಿರಿ.

ಮೊನ್ನೆ ಹುಬ್ಬಳ್ಳಿ ಅಕ್ಕನೂ ಶೂ ಹಿಡಿದು ಬಂದರು. ಮೊದಮೊದಲು “ಏನವಾ, ಚಲೋ ಶೂಗೆ ಮೊಳಿ ಬಡ್ಯಾಕ ಹತ್ತೀಯಲ್ಲ?” ಅಂತ ನಕ್ಕವರೇ. ನಾನು ಪೇಪರ್ ಹಾಸಿ, ಪಂಡಿತಳ ಹಾಗೆ ಎಲ್ಲ ವಿವರಿಸುತ್ತಾ, ಹಿಮ್ಮಡಿಗೆ ಮೊದಲ ಸ್ಕ್ರೂ ಇಟ್ಟು ಡ್ರಿಲ್ ಒತ್ತಿದೆ. ಪುಸ್ ಅಂತ ಸದ್ದಾಯಿತು. ಅವರ ಶೂ ಹಿಮ್ಮಡಿಯೊಳಗೆ ಗಾಳಿಯ ಚೀಲ ಇತ್ತು. ಅಂಥ ಶೂಗೆ ಲಾಳ ಹೊಡೆಯಬಾರದು ಅಂತ ನಾನು ಕಲಿತಿದ್ದು ಹೀಗೆ. “ಇರ್ಲಿ ಬಿಡವಾ, ಹೆಂಗೂ ಹಳೇದಿತ್ತು” ಅಂದರು. ಅವರು ಹೋದ ಮೇಲೆ ಅದರ ಬೆಲೆ ಹುಡುಕಿದೆ, 130 ಡಾಲರು. ಭಾನುವಾರ ಹೋಳಿಗೆ ಮಾಡಿಕೊಂಡು ಅವರ ಮನೆಗೆ ಹೋಗಬೇಕು.