ಉಷ್ಣಕವಚದ ಬಿಲ್ಲೆಗಳ ಮೂಲಕ ಅನಿಲ ಹರಿಯುವ ಪ್ರಮಾಣ: ಒಂದು ಪರೀಕ್ಷಾ ಸೇವೆಯ ವಿಮರ್ಶೆ

ಇಂಗಾಲದ ನಾರಿನಿಂದ ಮಾಡಿದ, ಬೆಂಡಿನಂತೆ ಹಗುರವಾದ ನಾಲ್ಕು ಬಿಲ್ಲೆಗಳನ್ನು ಪರ್ಮಿಯಬಿಲಿಟಿ (ವಸ್ತುವಿನ ಮೂಲಕ ಅನಿಲ ಎಷ್ಟು ಸಲೀಸಾಗಿ ಹಾಯುತ್ತದೆ ಎಂಬುದರ ಅಳತೆ) ಅಳೆದುಕೊಡುವ ಒಂದು ಖಾಸಗಿ ಪ್ರಯೋಗಾಲಯಕ್ಕೆ ಕಳುಹಿಸಿದ್ದೆವು. ಧೂಮಕೇತುವಿನ ದೂಳನ್ನು ಹೊತ್ತು 2006ರಲ್ಲಿ ಭೂಮಿಗೆ ಮರಳಿದ ನಾಸಾದ ಸ್ಟಾರ್‌ಡಸ್ಟ್ ಕೋಶವನ್ನು ವಾತಾವರಣ ಹೊಕ್ಕಾಗಿನ ಕಾವಿನಿಂದ ಕಾಪಾಡಿದ ‘ಪಿಕಾ’ ಎಂಬ ಕವಚಕ್ಕೂ ಇಂಥ ನಾರಿನ ಹಂದರವೇ ಆಧಾರ. ಅದರೊಳಗೆ ಫಿನಾಲಿಕ್ ರಾಳವನ್ನು ಇಳಿಸಿರುತ್ತಾರೆ. ಕಾವೇರಿದಾಗ ಆ ರಾಳ ಒಡೆದು ಅನಿಲವಾಗಿ, ಇದ್ದಿಲಾದ ಪದರವನ್ನು ಹಾಯ್ದು, ಶಾಖವನ್ನೂ ಹೊತ್ತುಕೊಂಡು ಹೊರಬರುತ್ತದೆ. ಅನಿಲ ಎಷ್ಟು ಸಲೀಸಾಗಿ ಹಾಯುತ್ತದೆ ಎಂಬ ಸಂಖ್ಯೆ ತಪ್ಪಾದರೆ ಕವಚದೊಳಗಿನ ಒತ್ತಡದ ಲೆಕ್ಕವೂ ತಪ್ಪುತ್ತದೆ.

ಈ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ಮೋಸ ಅಂಚಿನದು. ಬಿಲ್ಲೆಗೂ ಅದನ್ನು ಉಪಕರಣದಲ್ಲಿ ಹಿಡಿದಿಡುವ ಹಿಡಿಕೆಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಅನಿಲ ಅಲ್ಲಿಂದಲೇ ನುಸುಳುತ್ತದೆ. ಇಲ್ಲಿನ ತಂತ್ರಜ್ಞರು ನಾರಿನೊಳಕ್ಕೆ ಇಳಿಯದಂಥ ಮಂದವಾದ ಅಂಟನ್ನು ಬದಿಗೆ ಸುತ್ತಲೂ ಹಚ್ಚಿ, ಮೊದಲು ಅದೇ ಅಳತೆಯ ಗಟ್ಟಿ ಹಿತ್ತಾಳೆಯ ಬಿಲ್ಲೆಯನ್ನು ಕೂರಿಸಿ, ಹರಿವಿನ ಮಾಪಕ ಸೊನ್ನೆ ತೋರಿಸುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ನಮ್ಮ ಬಿಲ್ಲೆಯನ್ನು ಕೈಗೆತ್ತಿಕೊಂಡರು. ಈ ಶ್ರದ್ಧೆಗೆ ಪೂರ್ಣ ಅಂಕ ಕೊಡುತ್ತೇನೆ.

ಆದರೆ ಮೊದಲ ವರದಿ ನಿರಾಸೆ ತಂದಿತು. ವಾಯುಮಂಡಲದ ಒತ್ತಡವೊಂದರಲ್ಲೇ ಅಳೆದು, ಹರಿವು ಒತ್ತಡದ ವ್ಯತ್ಯಾಸಕ್ಕೆ ತಕ್ಕಂತೆ ಏರುತ್ತದೆ ಎನ್ನುವ ಡಾರ್ಸಿ ನಿಯಮದಂತೆ ಬಿಲ್ಲೆಗೊಂದು ಸಂಖ್ಯೆ ಬರೆದಿದ್ದರು. ಆ ಒತ್ತಡದಲ್ಲಿ ನೈಟ್ರೋಜನ್ ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮುನ್ನ ಸಾಗುವ ದೂರ ಒಂದು ಮೈಕ್ರೋಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. 100 ಪಾಸ್ಕಲ್‌ಗೆ ಇಳಿದರೆ ಅದು ಸುಮಾರು 70 ಮೈಕ್ರೋಮೀಟರ್, ಅಂದರೆ ಹೆಚ್ಚುಕಡಿಮೆ ನಾರುಗಳ ನಡುವಿನ ರಂಧ್ರದಷ್ಟೇ. ಆಗ ಅಣುಗಳು ಗೋಡೆಗುಂಟ ಜಾರತೊಡಗಿ, ಹರಿವು ಡಾರ್ಸಿಯ ಲೆಕ್ಕವನ್ನು ಮೀರುತ್ತದೆ. ಕ್ಲಿಂಕೆನ್‌ಬರ್ಗ್ ಎಂಬ ಸಂಶೋಧಕ 1941ರಲ್ಲೇ ವಿವರಿಸಿದ ಈ ಪರಿಣಾಮವನ್ನು, ವಿರಳ ಗಾಳಿಯಲ್ಲಿ ದುಡಿಯಬೇಕಾದ ಕವಚದ ವಿಷಯದಲ್ಲಿ ಬಿಡುವಂತಿಲ್ಲ.

ಇನ್ನೊಂದು ಕೊರತೆ ದಿಕ್ಕಿನದು. ಎರಡು ಬಿಲ್ಲೆಗಳನ್ನು ಅನಿಲ ನಾರುಗಳ ಗುಂಟ ಹರಿಯುವಂತೆ, ಉಳಿದೆರಡನ್ನು ಅಡ್ಡಲಾಗಿ ಹಾಯುವಂತೆ ಕತ್ತರಿಸಿದ್ದೆವು. ಬದಿಯ ಮೇಲೆ ಪೆನ್ಸಿಲಿನಲ್ಲಿ ಹಾಕಿದ್ದ ಗುರುತು ಅಂಟಿನಡಿ ಮುಚ್ಚಿಹೋಗಿ, ವರದಿಯಲ್ಲಿ ಬರೀ 1ರಿಂದ 4ರವರೆಗಿನ ಕ್ರಮಸಂಖ್ಯೆ ಉಳಿದಿತ್ತು. ಸೂಕ್ಷ್ಮದರ್ಶಕದಡಿ ಮುಖಗಳನ್ನು ನೋಡಿ ನಾವೇ ಬೇರ್ಪಡಿಸಬೇಕಾಯಿತು.

ದೂರು ಹೇಳಿದಾಗ ಅವರು ವಾದಿಸಲಿಲ್ಲ. ಹೆಚ್ಚುವರಿ ಶುಲ್ಕವಿಲ್ಲದೆ ಆರು ಒತ್ತಡಗಳಲ್ಲಿ ಮತ್ತೆ ಅಳೆದು, ಕಚ್ಚಾ ಅಂಕಿಅಂಶಗಳನ್ನೂ ಕಳುಹಿಸಿದರು. ಪರ್ಮಿಯಬಿಲಿಟಿಯನ್ನು ಒತ್ತಡದ ವಿಲೋಮಕ್ಕೆ ಎದುರಾಗಿ ಗುರುತಿಸಿದಾಗ ಕ್ಲಿಂಕೆನ್‌ಬರ್ಗ್ ವಿವರಿಸಿದಂತೆಯೇ ಬಿಂದುಗಳು ನೇರ ರೇಖೆಯ ಮೇಲೆ ಕುಳಿತವು. ಇದ್ದಿಲಾಗಿಸಿದ ಬಿಲ್ಲೆಗಳನ್ನೂ ಅಲ್ಲಿಗೇ ಕಳುಹಿಸುತ್ತಿದ್ದೇವೆ. ಈ ಬಾರಿ ಒತ್ತಡಗಳ ಪಟ್ಟಿಯನ್ನು ಮೊದಲೇ ಕೊಟ್ಟು, ದಿಕ್ಕನ್ನು ಪ್ರತಿ ಡಬ್ಬಿಯ ಮೇಲೂ ಬರೆದಿದ್ದೇವೆ.