ಡಾರ್ಕ್ ಸೈಡ್, ವಿಶ್ ಯು ವರ್ ಹಿಯರ್: ಇಪ್ಪತ್ತು ರಾತ್ರಿ ಕೇಳಿದ ಮೇಲೆ

ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್ ಕೇಳುವವರು ನಾಲ್ಕು ಜನ ಸೇರಿದರೆ ಈ ಜಗಳ ಬಂದೇ ಬರುತ್ತದೆ. 1973ರ ಆಲ್ಬಂ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ದೊಡ್ಡದೋ, 1975ರ ‘ವಿಶ್ ಯು ವರ್ ಹಿಯರ್’ ದೊಡ್ಡದೋ? ವರ್ಷಗಟ್ಟಲೆ ನಾನು ಡಾರ್ಕ್ ಸೈಡ್ ಪಕ್ಷದವನು. ಹೋದ ತಿಂಗಳು ಎದುರು ಪಕ್ಷದ ಗೆಳೆಯರೊಬ್ಬರು, “ಎರಡನ್ನೂ ಮೊದಲಿಂದ ಕೊನೇತನಕ ಕೂತು ಕೇಳಿ ಎಷ್ಟು ದಿನ ಆಯ್ತು ನೀವು?” ಅಂದರು. ಯೋಚಿಸಿದೆ. ಬಹಳ ವರ್ಷವೇ ಆಗಿತ್ತು. ಅಷ್ಟು ದಿನ ಬರೀ ನೆನಪನ್ನು ಹಿಡಿದುಕೊಂಡು ವಾದ ಮಾಡಿದ್ದೆ.

ಹಾಗಾಗಿ ಇಪ್ಪತ್ತು ರಾತ್ರಿ ಕೂತೆ. ಒಂದು ರಾತ್ರಿ ಒಂದು, ಮರುರಾತ್ರಿ ಇನ್ನೊಂದು. ದೀಪ ಆರಿಸಿ, ಫೋನ್ ಪಕ್ಕದ ಕೋಣೆಯಲ್ಲಿಟ್ಟು, ಅದೇ ಹೆಡ್‌ಫೋನ್, ಅದೇ ವಾಲ್ಯೂಮ್. ಎರಡರದ್ದೂ 2011ರ ರಿಮಾಸ್ಟರ್ (ಹಳೆಯ ಧ್ವನಿಮುದ್ರಣವನ್ನು ಹೊಸದಾಗಿ ಹದಗೊಳಿಸಿದ) ಪ್ರತಿಯನ್ನೇ ತೆಗೆದುಕೊಂಡೆ. ಇದು ಸಣ್ಣ ವಿಷಯವಲ್ಲ. ಒಂದು ಪ್ರತಿ ಚೂರು ಜೋರಾಗಿದ್ದರೂ ಸಾಕು, ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತದೆ. ನಮ್ಮ ಎಷ್ಟೋ ವಾದ ಹುಟ್ಟುವುದೇ ಅಲ್ಲಿಂದ ಎಂದು ನನ್ನ ಅನುಮಾನ.

ಕಟ್ಟೋಣದಲ್ಲಿ ಡಾರ್ಕ್ ಸೈಡ್‌ಗೆ ಸಾಟಿಯಿಲ್ಲ. ಎದೆಬಡಿತದಿಂದ ಶುರುವಾಗಿ ಎದೆಬಡಿತದಲ್ಲೇ ಮುಗಿಯುವ ಆ 43 ನಿಮಿಷದಲ್ಲಿ ಒಂದು ಹಾಡಿನ ಬಾಲ ಇನ್ನೊಂದರ ತಲೆಗೆ ಅಂಟಿಕೊಂಡೇ ಇದೆ. ‘ಮನಿ’ ಹಾಡಿನ ಶುರುವಿನಲ್ಲಿ ಬರುವ ನಾಣ್ಯ, ಹರಿಯುವ ಕಾಗದ, ಗಲ್ಲಾಪೆಟ್ಟಿಗೆಯ ಸದ್ದುಗಳನ್ನು ಟೇಪನ್ನು ಅಳೆದು ಕತ್ತರಿಸಿ, ಅಂಟಿಸಿ ಮಾಡಿದ್ದು. ಏಳರ ಎಣಿಕೆಯಲ್ಲಿ ನಡೆಯುವ ಹಾಡು ಗಿಟಾರ್ ಸೋಲೋ ಬಂದೊಡನೆ ನಾಲ್ಕರ ಎಣಿಕೆಗೆ ಜಿಗಿಯುತ್ತದೆ. ಆ ಜಾಗದಲ್ಲಿ ಕಾಲು ತಾನಾಗಿ ಕುಣಿಯದವರನ್ನು ನಾನು ಕಂಡಿಲ್ಲ.

ಆದರೆ ಹತ್ತೂ ರಾತ್ರಿ ನಾನು ಕಾದು ಕೂತದ್ದು ‘ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ’ಗೆ. ಹೊರಗಿನಿಂದ ಬಂದ ಗಾಯಕಿ ಕ್ಲೇರ್ ಟೋರಿ ಅದರಲ್ಲಿ ಒಂದೇ ಒಂದು ಪದ ಹಾಡುವುದಿಲ್ಲ. ಸಾವಿನ ಮುಂದೆ ನಿಂತ ದನಿ ಮೊದಲು ಚೀರುತ್ತದೆ, ಬೇಡುತ್ತದೆ, ಆಮೇಲೆ ಪಿಯಾನೋ ತಗ್ಗಿದಂತೆ ತಾನೂ ಸೋತು ಪಿಸುಗುಟ್ಟುವಷ್ಟಕ್ಕೆ ಇಳಿಯುತ್ತದೆ. ಆ ಇಳಿಯುವ ಭಾಗವೇ ನನಗೆ ಹೆಚ್ಚು. ಅಂದು ಆಕೆಗೆ ಸಿಕ್ಕಿದ್ದು 30 ಪೌಂಡ್. ರಚನೆಯಲ್ಲಿ ಆಕೆಯ ಪಾಲೂ ಇದೆ ಎಂದು ಹೆಸರು ಸೇರಲು 2005ರವರೆಗೆ ಕಾಯಬೇಕಾಯಿತು. ಈ ಆಲ್ಬಂ ಹೊಗಳುವ ನಾವು ಆ ಹೆಸರನ್ನು ಮೊದಲು ಹೇಳಬೇಕು.

ಹೀಗಿದ್ದೂ ಆರನೇ ಏಳನೇ ರಾತ್ರಿ ಹೊತ್ತಿಗೆ ನನಗೆ ಒಂದು ಗೊತ್ತಾಗತೊಡಗಿತು. ಡಾರ್ಕ್ ಸೈಡ್‌ನಲ್ಲಿ ಮುಂದೇನು ಬರುತ್ತದೆಂದು ಮೈಗೆಲ್ಲ ಗೊತ್ತು. ‘ಟೈಮ್’ ಹಾಡಿನ ಗಡಿಯಾರಗಳು ಬಾರಿಸುವ ಮೊದಲೇ ಭುಜ ಬಿಗಿಯುತ್ತಿತ್ತು. ‘ಆನ್ ದಿ ರನ್’ ಬಂದಾಗ ಯಂತ್ರ ಓಡುವುದನ್ನು ನೋಡುತ್ತಾ ಕೂತಂತೆ, ಅಷ್ಟೆ.

ವಿಶ್ ಯು ವರ್ ಹಿಯರ್‌ನದು ಬೇರೆಯೇ ನಡೆ. ಇರುವುದು ಐದೇ ಟ್ರ್ಯಾಕ್. ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಎರಡು ಹೋಳಾಗಿ ಮೊದಲಲ್ಲೂ ಕೊನೆಯಲ್ಲೂ ಕೂತಿದೆ. ಕೀಬೋರ್ಡಿನ ಮಂಜು ಕವಿದಂಥ ಶ್ರುತಿ, ಅದರ ಮೇಲೆ ಆಲಾಪನೆಯ ಹಾಗೆ ಗಿಟಾರ್. ಸುಮಾರು ನಾಲ್ಕು ನಿಮಿಷ ಕಳೆದ ಮೇಲೆ ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಅವರ ಆ ನಾಲ್ಕು ಸ್ವರ. ಬಾಯಿಬಿಟ್ಟು ಹಾಡುವುದು ಎಂಟು ನಿಮಿಷ ದಾಟಿದ ಮೇಲೆಯೇ. ಹಿಂದೆ ಇದನ್ನೇ ನಾನು ‘ಎಳೆತ’ ಎಂದು ದೂರಿದ್ದೆ. ಕತ್ತಲಲ್ಲಿ ಕೂತಾಗ ಆ ನಾಲ್ಕು ಸ್ವರಕ್ಕೆ ಅಷ್ಟು ಹೊತ್ತು ಕಾಯಿಸಿದ್ದೇ ಸರಿ ಅನ್ನಿಸಿತು. ಬಾರದವರಿಗಾಗಿ ಕಾಯುವ ಹಾಡು ಅದು. ತಂಡ ಕಟ್ಟಿದವರಲ್ಲಿ ಒಬ್ಬರಾದ ಸಿಡ್ ಬ್ಯಾರೆಟ್ 1968ರಲ್ಲೇ ಹೊರಗಾಗಿದ್ದರು. 1975ರ ಜೂನ್‌ನಲ್ಲಿ ಇದೇ ಆಲ್ಬಂನ ಕೆಲಸ ನಡೆಯುತ್ತಿದ್ದಾಗ ಅವರು ಆಬೀ ರೋಡ್ ಸ್ಟುಡಿಯೋಗೆ ಬಂದರು, ತಲೆ ಹುಬ್ಬು ಎರಡೂ ಬೋಳಿಸಿಕೊಂಡು, ದಪ್ಪಗಾಗಿ. ಹಳೆಯ ಗೆಳೆಯರಿಗೆ ತಕ್ಷಣ ಗುರುತೇ ಸಿಗಲಿಲ್ಲ.

ಇನ್ನೊಂದು ಜಾಗ ಹೇಳಲೇಬೇಕು. ಅತಿಥಿ ಗಾಯಕ ರಾಯ್ ಹಾರ್ಪರ್ ಹಾಡಿದ ‘ಹ್ಯಾವ್ ಎ ಸಿಗಾರ್’ ಮುಗಿಯುವಾಗ ಇಡೀ ತಂಡದ ಸದ್ದು ಸರಕ್ಕನೆ ಪುಟ್ಟ ರೇಡಿಯೋ ಒಳಗೆ ಸೇರಿಹೋಗುತ್ತದೆ. ಯಾರೋ ಸ್ಟೇಷನ್ ತಿರುಗಿಸುತ್ತಾರೆ. ಮಾತು, ಗರಗರ, ಚೈಕೋವ್‌ಸ್ಕಿಯ ನಾಲ್ಕನೇ ಸಿಂಫನಿಯ ಒಂದು ತುಣುಕು, ಆಮೇಲೆ ದೂರದಲ್ಲಿ ಹನ್ನೆರಡು ತಂತಿಯ ಗಿಟಾರ್. ಅಷ್ಟರಲ್ಲಿ ನನ್ನ ಪಕ್ಕದಲ್ಲೇ ಯಾರೋ ಕೆಮ್ಮಿ, ಉಸಿರೆಳೆದು, ರೇಡಿಯೋದ ಜೊತೆಗೆ ಇನ್ನೊಂದು ಗಿಟಾರ್ ಮೀಟತೊಡಗುತ್ತಾರೆ. ಒಬ್ಬನೇ ಕೂತವನು, ದೂರದವನೊಬ್ಬನ ಜೊತೆ ನುಡಿಸುತ್ತಿದ್ದಾನೆ. ಹತ್ತೂ ಸಲ ಗಂಟಲು ಕಟ್ಟಿತು.

‘ವೆಲ್ಕಮ್ ಟು ದಿ ಮಶೀನ್’ ಮಾತ್ರ ಈಗಲೂ ಭಾರವೇ. 1977ರ ‘ಅನಿಮಲ್ಸ್’ ಇವೆರಡಕ್ಕೂ ಮೇಲು ಅನ್ನುವವರಿದ್ದಾರೆ. ನಾನು ಒಪ್ಪೆ, ಅದರ ಸಿಟ್ಟು ನನ್ನನ್ನು ಹೊರಗೇ ನಿಲ್ಲಿಸುತ್ತದೆ.

ರಾಕ್ ಸಂಗೀತ ಹೊಸತಾಗಿ ಕೇಳುವವರಿಗೆ ಈಗಲೂ ಡಾರ್ಕ್ ಸೈಡನ್ನೇ ಕೊಡುತ್ತೇನೆ. ನನ್ನ ಓಟು ಮಾತ್ರ ವಿಶ್ ಯು ವರ್ ಹಿಯರ್‌ಗೆ. ಪಕ್ಷ ಬದಲಿಸಿದ್ದೇನೆಂದು ಆ ಗೆಳೆಯರಿಗೆ ತಿಳಿಸಿದಾಗ ಅವರು ಗೆದ್ದೆ ಅನ್ನಲಿಲ್ಲ. “ಕೊನೇ ನಿಮಿಷದಲ್ಲಿ ವಾಲ್ಯೂಮ್ ಜಾಸ್ತಿ ಮಾಡಿ ಕೇಳಿದ್ರಾ?” ಅಂದರು. ಇಪ್ಪತ್ತೊಂದನೇ ರಾತ್ರಿ ಹಾಗೇ ಮಾಡಿದೆ. ಎಲ್ಲ ಕರಗಿಹೋಗುವ ಹೊತ್ತಿಗೆ ರಿಚರ್ಡ್ ರೈಟ್ ಅವರ ಕೀಬೋರ್ಡಿನಲ್ಲಿ, ಕೇಳಿಯೂ ಕೇಳಿಸದ ಹಾಗೆ, ಒಂದು ಹಳೆಯ ಧಾಟಿ ಹಾದುಹೋಯಿತು: 1967ರಲ್ಲಿ ಬ್ಯಾರೆಟ್ ಬರೆದ ‘ಸೀ ಎಮಿಲಿ ಪ್ಲೇ’.