ಸ್ಪ್ಲೆಂಡರ್ ಆಯಿಲ್ ಲೀಕ್, ಶಿವಮೊಗ್ಗದ ಒಂದು ಸೀಲ್-ಪ್ಯಾಕಿಂಗ್ ಅಂಗಡಿ

ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಬರೀ ಬೈಕಿನ ಆಯಿಲ್ ಸೀಲ್, ಪ್ಯಾಕಿಂಗ್, ಬೇರಿಂಗ್ ಮಾರುವ ಸಣ್ಣದೊಂದು ಅಂಗಡಿ ಇದೆ. ಸೀಲ್ ಅಂದರೆ ತಿರುಗುವ ಶಾಫ್ಟ್ ಸುತ್ತ ಆಯಿಲ್ ತಡೆಯುವ ರಬ್ಬರ್ ಉಂಗುರ, ಪ್ಯಾಕಿಂಗ್ ಅಂದರೆ ಎರಡು ಭಾಗ ಸೇರುವಲ್ಲಿ ನಡುವೆ ಕೂರಿಸುವ ತೆಳು ಹಾಳೆ, ಗ್ಯಾಸ್ಕೆಟ್. ಬೋರ್ಡ್ ಹುಡುಕಬೇಡಿ, ಒಳಗಿನ ಗೋಡೆ ಪೂರ್ತಿ ಮೊಳೆಗೆ ನೇತು ಹಾಕಿದ ಪ್ಯಾಕಿಂಗ್‌ಗಳೇ ಅದರ ಗುರುತು. ಮನೆಯಲ್ಲೇ ಗಾಡಿ ಬಿಚ್ಚಿ ಆಯಿಲ್ ಲೀಕ್ ಸರಿ ಮಾಡಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೆ ಜಾಗ ಈ ಕಡೆ ನಾನು ನೋಡಿಲ್ಲ. ಹೋಗಿ, ಆದರೆ ಹಳೇ ಸೀಲ್ ಜೇಬಿನಲ್ಲಿ ಹಾಕಿಕೊಂಡು ಹೋಗಿ.

ಗಾಡಿ ಹಳೇ ಹೀರೋ ಹೋಂಡಾ ಸ್ಪ್ಲೆಂಡರ್, 97.2 ಸಿಸಿ. ಮಲೆನಾಡಲ್ಲಿ ತೋಟಕ್ಕೂ ಅದೇ, ಡೈರಿಗೆ ಹಾಲು ಒಯ್ಯೋದಕ್ಕೂ ಅದೇ, ಪೇಟೆಗೂ ಅದೇ. ಹಳೇ ಮಾಡೆಲ್ಲಿಗೆ ಸೆಲ್ಫ್ ಇಲ್ಲ, ಕಿಕ್ ಹೊಡೆದೂ ಹೊಡೆದೂ ಕಿಕ್ ಶಾಫ್ಟ್ ಸೀಲ್ ಸವೆಯುತ್ತದೆ. ಇನ್ನೊಂದು ಕಡೆ ಮುಂದಿನ ಸ್ಪ್ರಾಕೆಟ್ (ಚೈನ್ ಎಳೆಯುವ ಹಲ್ಲಿನ ಚಕ್ರ) ಹಿಂದಿರುವ ಸೀಲ್. ಮಳೆಗಾಲದ ಕೆಸರು ಚೈನ್ ಗ್ರೀಸಿಗೆ ಕಲಸಿ ಅಲ್ಲಿ ಗಟ್ಟಿಯಾಗಿ ಕೂತು ರಬ್ಬರ್ ತುಟಿಯನ್ನು ತಿನ್ನುತ್ತದೆ. ಈ ಎಂಜಿನ್‌ಗೆ ಆಯಿಲ್ ಬದಲಿಸುವಾಗ ಹಿಡಿಸುವುದೇ ಒಂದು ಲೀಟರಿಗಿಂತ ಕಮ್ಮಿ. ಅದರಲ್ಲಿ ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತಾ ಹೋದರೆ ಮೊದಲು ಪೆಟ್ಟು ಬೀಳುವುದು ಮೇಲೆ ಹೆಡ್ಡಿನಲ್ಲಿ ವಾಲ್ವ್ ತೆರೆಯುವ ಕ್ಯಾಮ್‌ಗೆ. ಚೈನ್ ಕಡೆಯ ಲೀಕ್ ಇನ್ನೂ ಅಪಾಯ, ಆಯಿಲ್ ಹಿಂದಿನ ಟೈರಿಗೆ ಹಾರುತ್ತದೆ. ಆಗುಂಬೆ ಘಾಟಿಯಲ್ಲೋ ಹುಲಿಕಲ್ ಘಾಟಿಯಲ್ಲೋ ಇಳಿಯುವವರು ಇದನ್ನು ಸುಮ್ನೆ ಬಿಡಬಾರದು.

ಅಂಗಡಿಯಲ್ಲಿ ನನಗೆ ಇಷ್ಟವಾಗಿದ್ದು ಕೌಂಟರಿನ ಕೆಲಸ. "ಅಣ್ಣ, ಸ್ಪ್ಲೆಂಡರ್ ಕಿಕ್ ಸೀಲ್ ಕೊಡಿ" ಅಂದೆ. ಡಬ್ಬಕ್ಕೆ ಕೈ ಹಾಕುವ ಮೊದಲೇ "ಹಳೇದು ತಂದಿದೀರಾ ಮಾರಾಯ್ರೆ?" ಅಂತ ಕೇಳಿದರು. ಕೊಟ್ಟೆ. ಬಟ್ಟೆಯಲ್ಲಿ ಒರೆಸಿ, ಅಂಚಿನಲ್ಲಿ ಅಚ್ಚಾಗಿರುವ ಮೂರು ಅಂಕಿ ಬೆಳಕಿಗೆ ಹಿಡಿದು ಓದಿದರು. 17-29-5 ಅಂತಿದ್ದರೆ ಒಳಗಿನ ಅಗಲ 17 ಮಿಲಿಮೀಟರ್, ಹೊರಗಿನದು 29, ದಪ್ಪ 5, ಹಾಗೆ. ಅಂಕಿ ಅಳಿಸಿದ್ದರೆ ವರ್ನಿಯರ್ ಹಿಡಿದು ಅಳೆಯುತ್ತಾರೆ. ಆಮೇಲೆ ಎರಡು ಕಂಪನಿಯ ಸೀಲ್ ಮುಂದಿಟ್ಟು ತುಟಿಯನ್ನು ಹೆಬ್ಬೆರಳಲ್ಲಿ ಬಗ್ಗಿಸಿ ತೋರಿಸಿದರು. ಒಂದು ಒತ್ತಿದ ಕೂಡಲೇ ಮೊದಲಿನ ಹಾಗೆ ಆಯಿತು. ಇನ್ನೊಂದು ನಿಧಾನಕ್ಕೆ ಎದ್ದಿತು, ರಬ್ಬರ್ ಬಿರುಸಾಗಿತ್ತು. ಮಾರಾಟವಾಗದೆ ಜಾಸ್ತಿ ಕಾಲ ಕೂತರೆ ಹೊಸ ಸೀಲೂ ಹೀಗಾಗುತ್ತದಂತೆ, ಅದನ್ನು ಅವರೇ ಪಕ್ಕಕ್ಕೆ ಎಸೆದರು. ಒಳಗಿನ ಸಣ್ಣ ಸ್ಪ್ರಿಂಗ್ ತನ್ನ ಜಾಗದಲ್ಲಿದೆಯಾ ಅಂತ ಉಗುರಿನಲ್ಲಿ ಒಂದು ಸುತ್ತು ಆಡಿಸಿ ನೋಡಿ ಕೈಗೆ ಕೊಟ್ಟರು. ಗಿರಾಕಿ ನೂಕಾಡುತ್ತಿದ್ದ ಹೊತ್ತಲ್ಲಿ ಇಷ್ಟು ಮಾಡಿದರು ಅನ್ನೋದು ನನಗೆ ದೊಡ್ಡದು.

ಕ್ಲಚ್ ಕವರ್ ಪ್ಯಾಕಿಂಗ್ ಒಂದು, ಸೀಲ್ ಎರಡು, ಎಲ್ಲ ಸೇರಿ 300 ರೂಪಾಯಿ ಒಳಗೆ ಮುಗಿಯಿತು. ಆಯಿಲ್ ಬೇರೆ.

ಫುಲ್ ಕಿಟ್ ಆನ್‌ಲೈನಲ್ಲಿ ತರಿಸಬಹುದಲ್ವಾ ಅಂತ ಕೇಳುವವರಿಗೆ: ನಮ್ಮ ಮನೆಯಲ್ಲಿ ತರಿಸಿದ್ದೂ ಆಗಿದೆ. ಬಂದ ಕಿಟ್ಟಿನಲ್ಲಿ ಕ್ಲಚ್ ಕವರ್ ಪ್ಯಾಕಿಂಗನ್ನು ಮಡಚಿ ತುರುಕಿದ್ದರು. ಮಡಚಿದ ಗೆರೆಯಲ್ಲಿ ಕಾಗದ ಬಿರುಕು ಬಿಟ್ಟಿತ್ತು, ಬೋಲ್ಟಿನ ತೂತುಗಳಲ್ಲಿ ಎರಡು ಸರಿಯಾಗಿ ಕೂರಲಿಲ್ಲ. ಪ್ಯಾಕಿಂಗ್ ಮಡಚಿದರೆ ಅಲ್ಲೇ ಆಯಿಲ್‌ಗೆ ದಾರಿ. ಹೆಡ್ ಗ್ಯಾಸ್ಕೆಟ್, ಬ್ಲಾಕ್ ಪ್ಯಾಕಿಂಗ್ ಎಲ್ಲ ಅದರಲ್ಲಿರುತ್ತದೆ ನಿಜ, ಆದರೆ ಕಿಕ್ ಸೀಲ್ ಒಂದೇ ಬೇಕಾದವರಿಗೆ ಅದೆಲ್ಲ ಯಾಕೆ. ಬಿಡಿಯಾಗಿ ನೋಡಿ ತರುವುದೇ ವಾಸಿ.

ಕೊಳ್ಳುವ ಮೊದಲು ಲೀಕ್ ಎಲ್ಲಿಂದ ಅಂತ ಖಾತ್ರಿ ಮಾಡಿಕೊಳ್ಳಿ. ಹನಿ ಬೀಳುವ ಜಾಗವೇ ಲೀಕ್ ಆಗುವ ಜಾಗ ಅಲ್ಲ. ಗಾಡಿ ಓಡುವಾಗ ಗಾಳಿಗೆ ಆಯಿಲ್ ಹಿಂದಕ್ಕೆ ಹರಡುತ್ತದೆ, ಆಮೇಲೆ ಕೆಳಗಿಳಿದು ಡ್ರೈನ್ ನಟ್ ಹತ್ತಿರ ತೊಟ್ಟಿಕ್ಕುತ್ತದೆ. ಎಂಜಿನ್ನನ್ನು ಸೀಮೆಎಣ್ಣೆ ಬ್ರಷ್ ಹಾಕಿ ಚೆನ್ನಾಗಿ ತೊಳೆದು, ಒಣಗಿದ ಮೇಲೆ ಮೈಗೆ ಹಾಕುವ ಟಾಲ್ಕಂ ಪೌಡರನ್ನೇ ಉದುರಿಸಿ ಒಂದು ರೌಂಡ್ ಹೋಗಿ ಬನ್ನಿ. ಬಿಳಿ ಪುಡಿ ಎಲ್ಲಿ ಮೊದಲು ಒದ್ದೆಯಾಗಿ ಕಪ್ಪಾಯಿತೋ ಅಲ್ಲೇ ಲೀಕ್. ನನ್ನ ಗಾಡಿಯಲ್ಲಿ ಕಿಕ್ ಶಾಫ್ಟಿನ ಸುತ್ತ ಉಂಗುರದ ಹಾಗೆ ಕಪ್ಪು ಮೂಡಿತು, ಕ್ಲಚ್ ಕವರ್ ಜೋಡಣೆಯ ಕೆಳಗಡೆಯೂ ಒಂದು ಗೆರೆ. ಎಂಜಿನ್ ಒಳಗಿನ ಗಾಳಿ ಹೊರಗೆ ಬಿಡುವ ಬ್ರೀದರ್ ಪೈಪನ್ನೂ ನೋಡಿ. ತಿಂಗಳುಗಟ್ಟಲೆ ಕೊಟ್ಟಿಗೆ ಪಕ್ಕ ನಿಂತ ಗಾಡಿಯ ಪೈಪಿಗೆ ಕಣಜ ಮಣ್ಣು ಮೆತ್ತಿ ಗೂಡು ಮಾಡುವುದುಂಟು. ಪೈಪ್ ಕಟ್ಟಿಕೊಂಡರೆ ಒಳಗಿನ ಒತ್ತಡ ಹೊರಗೆ ಹೋಗಲು ದಾರಿ ಇಲ್ಲದೆ ಸೀಲನ್ನೇ ದೂಡುತ್ತದೆ. ಆಗ ಎಷ್ಟು ಸೀಲ್ ಹಾಕಿದರೂ ಅಷ್ಟೇ.

ಇನ್ನು ಕೆಲಸ. ಎಂಜಿನ್ ಸ್ವಲ್ಪ ಬಿಸಿ ಇರುವಾಗಲೇ ಆಯಿಲ್ ಇಳಿಸಿ. ಕಿಕ್ ಲಿವರ್, ಕ್ಲಚ್ ಕೇಬಲ್, ಅಡ್ಡ ಬರುವ ಬ್ರೇಕ್ ಪೆಡಲ್, ಫುಟ್‌ರೆಸ್ಟ್ ತೆಗೆದರೆ ಕವರಿನ ಬೋಲ್ಟ್‌ಗಳು ಕೈಗೆ ಸಿಗುತ್ತವೆ, 8 ನಂಬರ್ ಟೀ ಪಾನಾ ಸಾಕು. ಬೋಲ್ಟ್‌ಗಳ ಉದ್ದ ಒಂದೇ ಅಲ್ಲ. ರಟ್ಟಿನ ಮೇಲೆ ಕವರಿನ ಆಕಾರ ಬರೆದು ಯಾವುದು ಎಲ್ಲಿಯದೋ ಅಲ್ಲಲ್ಲೇ ಚುಚ್ಚಿಡಿ. ಕವರ್ ಅಂಟಿಕೊಂಡಿದ್ದರೆ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಜೋಡಣೆಗೆ ಸ್ಕ್ರೂಡ್ರೈವರ್ ತುರುಕಿ ಎತ್ತಲೇಬೇಡಿ, ಅಲ್ಯೂಮಿನಿಯಂ ಮೇಲೆ ಒಂದು ಗೀರು ಬಿದ್ದರೆ ಹೊಸ ಪ್ಯಾಕಿಂಗ್ ಹಾಕಿದ ಮೇಲೂ ಅದೇ ಗೀರಿನಿಂದ ಆಯಿಲ್ ಬರುತ್ತದೆ.

ಜಾಸ್ತಿ ಹೊತ್ತು ಹಿಡಿಯುವುದು ಹಳೇ ಪ್ಯಾಕಿಂಗ್ ಕೆರೆಯುವುದು, ಈ ಕೆಲಸದ ಜೀವ ಇರುವುದೂ ಅಲ್ಲೇ. ಕಾಗದ ಸುಟ್ಟು ಕರಿಗಟ್ಟಿ ಲೋಹಕ್ಕೆ ಹತ್ತಿಕೊಂಡಿರುತ್ತದೆ. ಥಿನ್ನರ್ ಹಚ್ಚಿ ನೆನೆಯಲು ಬಿಡಿ, ಬ್ಲೇಡನ್ನು ಮಲಗಿಸಿ ಹಿಡಿದು ನಿಧಾನಕ್ಕೆ ಎತ್ತಿ. ಎಮರಿ ಪೇಪರ್ ಬೇಡ, ಅದರ ಪುಡಿ ಒಳಗೆ ಹೋದರೆ ಬೇರಿಂಗ್ ಹಾಳು. ಕೆರೆಯುವಾಗ ಕ್ಲಚ್ ಮೇಲೆ ಬಟ್ಟೆ ಮುಚ್ಚಿರಲಿ. ಕೊನೆಗೆ ಬೆರಳು ಸವರಿದರೆ ಎಲ್ಲೂ ತಡೆಯಬಾರದು. ಹೇಗೂ ಕವರ್ ಬಿಚ್ಚಿದ್ದೀರಿ, ಆಯಿಲ್ ಜಾಲರಿಯನ್ನೂ ಕ್ರ್ಯಾಂಕ್ ತುದಿಯ ಸೆಂಟ್ರಿಫ್ಯೂಗಲ್ ಫಿಲ್ಟರನ್ನೂ (ತಿರುಗುತ್ತಾ ಕೊಳೆಯನ್ನು ಅಂಚಿಗೆ ಎಸೆಯುವ ಫಿಲ್ಟರ್) ತೊಳೆದುಬಿಡಿ, ಆ ಫಿಲ್ಟರಿನ ಗೋಡೆಗೆ ಕಪ್ಪು ಹೂಳು ಮೆತ್ತಿರುತ್ತದೆ.

ಸೀಲ್ ಹಾಕುವಾಗ ಸ್ಪ್ರಿಂಗ್ ಇರುವ ಮುಖ ಒಳಗೆ, ಆಯಿಲ್ ಕಡೆಗೆ ಇರಬೇಕು. ತುಟಿಗೆ ಸ್ವಲ್ಪ ಗ್ರೀಸ್ ಹಚ್ಚಿ, ಸೀಲಿನ ಹೊರ ಅಂಚಿಗೆ ಸರಿಹೊಂದುವ ಸಾಕೆಟ್ ಇಟ್ಟು ಎಲ್ಲ ಕಡೆ ಸಮನಾಗಿ ಇಳಿಸಿ. ಕಿಕ್ ಶಾಫ್ಟಿನ ತುದಿಯ ಹಲ್ಲುಗಳು ಹೊಸ ತುಟಿಯನ್ನು ಹರಿದುಬಿಡುತ್ತವೆ. ಅದಕ್ಕೆ ಅಂಗಡಿಯವರೇ ಹೇಳಿದ ಉಪಾಯ: ಹಲ್ಲಿನ ಮೇಲೆ ಇನ್ಸುಲೇಷನ್ ಟೇಪ್ ಒಂದು ಸುತ್ತು ಸುತ್ತಿ ಕವರ್ ಕೂರಿಸಿ, ಆಮೇಲೆ ಟೇಪ್ ಎಳೆದು ತೆಗೆಯಿರಿ. ಶಾಫ್ಟ್ ಮೇಲೆ ಹಳೇ ಸೀಲ್ ಸವೆಸಿದ ತಗ್ಗು ಗೆರೆ ಉಗುರಿಗೆ ತಾಗುತ್ತಿದ್ದರೆ, ಜಾಗ ಇದ್ದಲ್ಲಿ ಹೊಸದನ್ನು ಕೂದಲೆಳೆಯಷ್ಟು ಹೊರಗೆ ನಿಲ್ಲಿಸಿ, ತುಟಿ ಸವೆಯದ ಜಾಗದಲ್ಲಿ ಕೂರುತ್ತದೆ.

ಸಿಲಿಕೋನ್ ಪೇಸ್ಟ್ ಬಗ್ಗೆ ಒಂದು ಮಾತು. ನಾನು ಕೇಳಿದೆ, ಅವರು ಕೊಡಲಿಲ್ಲ. "ಕಾಗದದ ಪ್ಯಾಕಿಂಗಿಗೆ ಅದು ಬೇಡ" ಅಂದರು. ಅವರು ಹೇಳಿದ್ದು ಸರಿ. ಹೊರಗೆ ಹಿಂಡಿ ಬಂದಷ್ಟೇ ಪೇಸ್ಟ್ ಒಳಗೂ ಹಿಂಡಿರುತ್ತದೆ, ಆ ತುಂಡು ಕಳಚಿ ಜಾಲರಿಗೆ ಕೂತರೆ ಪಂಪಿಗೆ ಆಯಿಲ್ ಸಿಗುವುದಿಲ್ಲ. ಮಾರಿದ್ದರೆ ಅವರಿಗೆ ಲಾಭವೇ ಇತ್ತು. ಈ ಒಂದು ಕಾರಣಕ್ಕೇ ಅಂಗಡಿಯ ಮೇಲೆ ನನಗೆ ನಂಬಿಕೆ ಬಂತು. ಕವರ್ ಬೋಲ್ಟನ್ನು ಎದುರು ಬದುರಾಗಿ ಬಿಗಿಯಿರಿ, 6 ಎಂಎಂ ಬೋಲ್ಟಿಗೆ 10 ನ್ಯೂಟನ್ ಮೀಟರ್ ಆಸುಪಾಸು ಸಾಕು, ಪಾನಾ ಮೇಲೆ ಜೋರು ಹಾಕಿದರೆ ಥ್ರೆಡ್ ಕಿತ್ತು ಬರುತ್ತದೆ. ಇಳಿಸಿದ ಆಯಿಲನ್ನು ತೋಟದ ಕಾಲುವೆಗೆ ಸುರಿಯಬೇಡಿ, ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ಹಾಕಿದ ಮೇಲೆ ತೀರ್ಥಹಳ್ಳಿಯಿಂದ ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗಕ್ಕೆ ಮಳೆಯಲ್ಲೂ ಬಿಸಿಲಲ್ಲೂ ಓಡಾಡಿದ್ದೇನೆ. ಕಿಕ್ ಶಾಫ್ಟ್ ಸುತ್ತ ಈಗ ಧೂಳು ಒಣಗಿಯೇ ಇದೆ, ಆಯಿಲ್ ಕಡ್ಡಿಯಲ್ಲಿ ಮಟ್ಟ ಇಳಿದಿಲ್ಲ.

ಅಂಗಡಿಯ ಕೊರತೆಗಳೂ ಇವೆ. ಗಾಡಿ ನಿಲ್ಲಿಸಲು ಜಾಗ ಸಾಲದು. ಬಳಸಿದ ಸೀಲ್ ವಾಪಸ್ ತೆಗೆದುಕೊಳ್ಳುವುದಿಲ್ಲ, ಅದು ನ್ಯಾಯವೇ, ಆದರೆ ತಪ್ಪು ಅಳತೆ ಹೇಳಿ ಒಯ್ದವರಿಗೂ ಅದೇ ನಿಯಮ. ಮ್ಯಾಗ್ನೆಟ್ (ಎಂಜಿನ್ನಿನಲ್ಲಿ ಕರೆಂಟ್ ಹುಟ್ಟಿಸುವ ಚಕ್ರ) ಕಡೆಯ ಸೀಲ್ ಕೊಡುತ್ತಾರೆ, ಆದರೆ ಮ್ಯಾಗ್ನೆಟ್ ಎಳೆಯುವ ಪುಲ್ಲರ್ ಬಾಡಿಗೆಗೆ ಸಿಗುವುದಿಲ್ಲ. ಅದಿಲ್ಲದೆ ಸುತ್ತಿಗೆ ಹಿಡಿದು ಕೂರಬೇಡಿ, ಆ ಒಂದು ಕೆಲಸವನ್ನು ಮೆಕ್ಯಾನಿಕ್ ಹತ್ತಿರವೇ ಮಾಡಿಸಿ. ಬೆಳಿಗ್ಗೆ ಗ್ಯಾರೇಜ್ ಹುಡುಗರ ನೂಕುನುಗ್ಗಲು ಇರುತ್ತದೆ, ಮಧ್ಯಾಹ್ನ ಊಟ ಮುಗಿದ ಮೇಲೆ ಹೋದರೆ ನಿಧಾನವಾಗಿ ನೋಡಿ ಕೊಡುತ್ತಾರೆ.